ಮನೆಯ ಕಂಪ್ಯೂಟರ್‌ಗೆ ವೈರಸ್ ಎಲ್ಲಿಂದ ಬರುತ್ತದೆ, ತಡೆಯುವುದು ಹೇಗೆ

ಮನೆಯ ಕಂಪ್ಯೂಟರ್‌ಗೆ ವೈರಸ್ ಬಂತು ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ, ಫಾರ್ಮ್ಯಾಟ್ ಹೊಡೆಸುವುದು. ಪೇಟೆಯ ಕಂಪ್ಯೂಟರ್ ಅಂಗಡಿಗೆ ಲ್ಯಾಪ್‌ಟಾಪ್ ಒಯ್ದು ಕೊಟ್ಟರೆ ಸಂಜೆಯೊಳಗೆ ಹೊಸದರಂತೆ ಮಾಡಿ ಕೊಡುತ್ತಾರೆ. ವಿಂಡೋಸ್ ಹಾಕಿರುತ್ತಾರೆ, ಆಫೀಸ್ ಹಾಕಿರುತ್ತಾರೆ, ಕೇಳಿದರೆ ಫೋಟೋಶಾಪ್ ಕೂಡ. ಎಲ್ಲ ಸೇರಿ ಕೆಲವು ನೂರು ರೂಪಾಯಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟೆಲ್ಲ ಹೇಗೆ ಬಂತು ಎಂದು ನಾವು ಕೇಳುವುದಿಲ್ಲ. ಎಷ್ಟೋ ಸಲ ಅದು ಬಂದದ್ದು ಕ್ರ್ಯಾಕ್‌ನಿಂದ, ಅಂದರೆ ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸಲು ಅದರ ಬೀಗ ಮುರಿಯುವ ಕಳ್ಳ ಫೈಲ್‌ನಿಂದ. ಆ ಕ್ರ್ಯಾಕ್ ಕೆಲಸ ಮಾಡಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡಬೇಕು, ಇಲ್ಲವಾದರೆ ಅದು ಕ್ರ್ಯಾಕ್ ಫೈಲನ್ನೇ ಹಿಡಿದು ಅಳಿಸಿಹಾಕುತ್ತದೆ. ಹೀಗೆ ವೈರಸ್ ತೆಗೆಸಲು ಹೋದ ಕಂಪ್ಯೂಟರ್, ವೈರಸ್ ತಡೆಯುವ ವ್ಯವಸ್ಥೆಯನ್ನೇ ಕಳೆದುಕೊಂಡು ಮನೆಗೆ ಬರುತ್ತದೆ.

ಎಲ್ಲ ಅಂಗಡಿಯವರೂ ಹೀಗೆ ಮಾಡುತ್ತಾರೆ ಎಂದು ಹೇಳುತ್ತಿಲ್ಲ. ಚೆನ್ನಾಗಿ ತಿಳಿದು, ಒರಿಜಿನಲ್ ವಿಂಡೋಸನ್ನೇ ಹಾಕಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮನೆಯ ಕಂಪ್ಯೂಟರ್ ಸುರಕ್ಷತೆ ಬಗ್ಗೆ ಮಾತು ಬಂದಾಗಲೆಲ್ಲ 'ಯಾವ ಆಂಟಿವೈರಸ್ ಒಳ್ಳೆಯದು' ಅನ್ನುವ ಒಂದೇ ಪ್ರಶ್ನೆ ಕೇಳುತ್ತೇವೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಈ ಮಾಲ್‌ವೇರ್, ಅಂದರೆ ಕೇಡು ಮಾಡುವ ಪ್ರೋಗ್ರಾಮ್, ಒಳಗೆ ಬಂದದ್ದು ಯಾರ ಕೈಯಿಂದ? ಇವತ್ತು ಮನೆಗಳ ಕಂಪ್ಯೂಟರ್‌ಗೆ ಸೇರುವ ಮಾಲ್‌ವೇರ್‌ನಲ್ಲಿ ಬಹುಪಾಲು ತಾನಾಗಿ ನುಗ್ಗುವುದಿಲ್ಲ. ನಮ್ಮಿಂದಲೇ ಒಂದು ಬಟನ್ ಒತ್ತಿಸಿಕೊಂಡು ಬರುತ್ತದೆ. ಆ ಬಟನ್ ಎಲ್ಲೆಲ್ಲಿ ಇರುತ್ತದೆ ಎಂದು ಗೊತ್ತಿದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಯಾರಿಗೆ ಏನು ಲಾಭ

ನಾವು ಎಲ್ಲದಕ್ಕೂ ವೈರಸ್ ಎಂದೇ ಹೇಳುತ್ತೇವೆ. ಸರಿಯಾಗಿ ನೋಡಿದರೆ ವೈರಸ್ ಅನ್ನುವುದು ಒಂದು ಬಗೆ ಮಾತ್ರ. ಬೇರೆ ಫೈಲ್‌ಗಳಿಗೆ ಅಂಟಿಕೊಂಡು ಹರಡುವಂಥದ್ದು ವೈರಸ್, ನೆಟ್‌ವರ್ಕ್‌ನಲ್ಲಿ ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಹೋಗುವುದು ವರ್ಮ್, ಒಳ್ಳೆಯ ಪ್ರೋಗ್ರಾಮ್‌ನ ವೇಷದಲ್ಲಿ ಬರುವುದು ಟ್ರೋಜನ್. ಇವೆಲ್ಲಕ್ಕೂ ಸೇರಿ ಮಾಲ್‌ವೇರ್ ಅನ್ನುತ್ತಾರೆ. ಹೆಸರು ನೆನಪಿಟ್ಟುಕೊಳ್ಳದಿದ್ದರೂ ನಡೆಯುತ್ತದೆ. ಅದನ್ನು ಬರೆದವರಿಗೆ ನಿಮ್ಮ ಕಂಪ್ಯೂಟರ್‌ನಿಂದ ಏನು ಬೇಕು ಅನ್ನುವುದನ್ನು ಮಾತ್ರ ತಿಳಿದಿರಬೇಕು.

'ನಮ್ಮ ಕಂಪ್ಯೂಟರ್‌ನಲ್ಲಿ ಏನಿದೆ ಅಂತ ಬರ್ತಾರೆ?' ಎಂದು ತುಂಬಾ ಜನ ಕೇಳುತ್ತಾರೆ. ಇದೆ. ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳಿವೆ. ಲಾಗಿನ್ ಆಗಿಯೇ ಇರುವ ಜಿಮೇಲ್, ಫೇಸ್‌ಬುಕ್, ಯೂಟ್ಯೂಬ್ ಖಾತೆಗಳಿವೆ. ಆಧಾರ್, ಪಾನ್ ಸ್ಕ್ಯಾನ್ ಮಾಡಿಟ್ಟ ಫೋಲ್ಡರ್ ಇದೆ. ಮಗುವಿನ ನಾಮಕರಣದಿಂದ ಇಲ್ಲಿಯವರೆಗಿನ ಫೋಟೋಗಳಿವೆ, ಅವುಗಳನ್ನು ಬಿಡಿಸಿಕೊಳ್ಳಲು ನೀವು ದುಡ್ಡು ಕೊಟ್ಟೀರಿ ಎಂಬ ಲೆಕ್ಕ ಅವರದು. ಇದೇನೂ ಇಲ್ಲದಿದ್ದರೂ ನಿಮ್ಮ ಪ್ರೊಸೆಸರ್ ಇದೆ, ಅದನ್ನು ಬಳಸಿ ಕ್ರಿಪ್ಟೋ ಮೈನಿಂಗ್ ಮಾಡುತ್ತಾರೆ, ಅಂದರೆ ನಿಮ್ಮ ಕರೆಂಟಿನಲ್ಲಿ ತಮಗೆ ಡಿಜಿಟಲ್ ಹಣ ಗಳಿಸಿಕೊಳ್ಳುತ್ತಾರೆ. ಏನೂ ಕೆಲಸ ಮಾಡದೆ ಸುಮ್ನೆ ಇಟ್ಟಾಗಲೂ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಇದೂ ಒಂದು ಕಾರಣ ಇರಬಹುದು.

ಇತ್ತೀಚೆಗೆ ಮನೆಗಳಿಗೆ ಜಾಸ್ತಿ ಕಾಟ ಕೊಡುತ್ತಿರುವುದು ಕದಿಯುವ ಬಗೆಯ ಮಾಲ್‌ವೇರ್, ಸ್ಟೀಲರ್ ಎಂದು ಕರೆಯುತ್ತಾರೆ. ಅದು ಒಳಗೆ ಬಂದರೆ ನಿಮಗೆ ಏನೂ ಕಾಣಿಸುವುದಿಲ್ಲ. ಕಂಪ್ಯೂಟರ್ ನಿಧಾನ ಆಗುವುದಿಲ್ಲ, ಪರದೆ ಮೇಲೆ ಬೆದರಿಕೆ ಬರುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಪಾಸ್‌ವರ್ಡ್, ಕಾರ್ಡ್ ನಂಬರ್, ಕುಕಿಗಳನ್ನೆಲ್ಲ ಗಂಟು ಕಟ್ಟಿ ಕಳಿಸಿಬಿಡುತ್ತದೆ, ಎಷ್ಟೋ ಸಲ ಆಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಲುಮ್ಮಾ ಎಂಬ ಇಂಥ ಒಂದೇ ಸ್ಟೀಲರ್ 2025ರ ಮಾರ್ಚ್ 16ರಿಂದ ಮೇ 16ರ ನಡುವೆ, ಬರೀ ಎರಡು ತಿಂಗಳಲ್ಲಿ, ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದ್ದದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತು. ಆಮೇಲೆ ಹಲವು ದೇಶಗಳ ಪೊಲೀಸರ ಜೊತೆ ಸೇರಿ ಅದರ ಜಾಲವನ್ನು ಮುರಿಯಲು ಕೈಹಾಕಿತು.

ಇಲ್ಲಿ ಕುಕಿ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಒಟಿಪಿ ಇದೆಯಲ್ಲ ಎಂದು ಧೈರ್ಯವಾಗಿರುವವರು ಎಡವುವುದು ಇಲ್ಲೇ. ವಸ್ತುಪ್ರದರ್ಶನಕ್ಕೆ ಹೋದಾಗ ಟಿಕೆಟ್ ತೋರಿಸಿದ ಮೇಲೆ ಕೈಗೆ ಒಂದು ಮುದ್ರೆ ಒತ್ತುತ್ತಾರಲ್ಲ, ಮತ್ತೆ ಹೊರಗೆ ಹೋಗಿ ಬಂದರೆ ಟಿಕೆಟ್ ಕೇಳದೆ ಮುದ್ರೆ ನೋಡಿ ಬಿಡುತ್ತಾರೆ. ಲಾಗಿನ್ ಆದ ಮೇಲೆ ಜಿಮೇಲ್ ನಿಮ್ಮ ಬ್ರೌಸರ್‌ನಲ್ಲಿ ಇಡುವ ಕುಕಿ ಅಂಥದ್ದೇ ಮುದ್ರೆ. ಸ್ಟೀಲರ್ ಆ ಮುದ್ರೆಯನ್ನೇ ನಕಲು ಮಾಡಿಕೊಂಡು ಹೋಗುತ್ತದೆ. ಆಗ ಕಳ್ಳನಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಒಳ್ಳೆಯ ಪಾಸ್‌ವರ್ಡ್, ಎರಡು ಹಂತದ ಲಾಗಿನ್ ಎಲ್ಲ ಇಟ್ಟುಕೊಂಡಿದ್ದವರ ಯೂಟ್ಯೂಬ್ ಚಾನೆಲ್‌ಗಳು ರಾತ್ರೋರಾತ್ರಿ ಕೈತಪ್ಪಿದ್ದು ಹೀಗೆಯೇ. ಎರಡು ಹಂತದ ಲಾಗಿನ್ ಬೇಡ ಎಂದು ಇದರ ಅರ್ಥ ಅಲ್ಲ, ಅದು ಬೇಕೇ ಬೇಕು. ಆದರೆ ಕಂಪ್ಯೂಟರ್ ಒಳಗೇ ಕಳ್ಳ ಕೂತಿದ್ದರೆ ಅದೊಂದೇ ಸಾಲದು.

ಕ್ರ್ಯಾಕ್ ಬೇಡ ಎಂದು ಇಷ್ಟು ಹೇಳುವುದು ಯಾಕೆ

ಕ್ರ್ಯಾಕ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಕಾನೂನಿನ ಮಾತು ಹಾಗಿರಲಿ, ಸುರಕ್ಷತೆಯ ಲೆಕ್ಕದಲ್ಲಿ ಮನೆಯ ಕಂಪ್ಯೂಟರ್‌ಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ ಎಂಬುದು ನನ್ನ ನಂಬಿಕೆ. ಕಾರಣ ಸರಳ. ಬೇರೆ ಮಾಲ್‌ವೇರ್ ಆಂಟಿವೈರಸ್‌ನ ಕಣ್ಣು ತಪ್ಪಿಸಿ ಬರಬೇಕು. ಕ್ರ್ಯಾಕ್ ಹಾಗಲ್ಲ, ಆಂಟಿವೈರಸ್ ಆಫ್ ಮಾಡಿ, ಅಡ್ಮಿನ್ ಅನುಮತಿ ಕೊಡಿ ಎಂದು ಅದೇ ನಿಮಗೆ ಹೇಳುತ್ತದೆ, ನೀವು ಹೇಳಿದ್ದೆಲ್ಲ ಮಾಡುತ್ತೀರಿ. ಎಚ್ಚರಿಕೆ ಬಂದರೂ 'ಕ್ರ್ಯಾಕ್ ಅಂದ್ರೆ ಹಾಗೇ ತೋರಿಸುತ್ತೆ' ಎಂದು ಮೊದಲೇ ಸಮಾಧಾನ ಮಾಡಿಕೊಂಡಿರುತ್ತೀರಿ. ಮಾಲ್‌ವೇರ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದಾ?

ಅವರು ಇದನ್ನು ಬಿಟ್ಟೂ ಇಲ್ಲ. ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ಮಾಲ್‌ವೇರ್‌ಗೆ ರಾನ್ಸಮ್‌ವೇರ್ ಅನ್ನುತ್ತಾರೆ. ಸ್ಟಾಪ್ ಅಥವಾ ಡಿಜೆವಿಯು ಎಂಬ ರಾನ್ಸಮ್‌ವೇರ್ 2018ರ ಹೊತ್ತಿಗೆ ಕಾಣಿಸಿಕೊಂಡಿತು. ಅದು ದೊಡ್ಡ ಕಂಪನಿಗಳ ತಂಟೆಗೆ ಹೋಗಲಿಲ್ಲ. ಕ್ರ್ಯಾಕ್ ಮತ್ತು ಕೀಜೆನ್ (ನಕಲಿ ಲೈಸೆನ್ಸ್ ಕೀ ತಯಾರಿಸುವ ಪ್ರೋಗ್ರಾಮ್) ಹುಡುಕಿಕೊಂಡು ಬರುವ ಮನೆಮಂದಿ, ವಿದ್ಯಾರ್ಥಿಗಳು, ಇವರೇ ಅದರ ಗುರಿ. ಫೋಟೋ, ವರ್ಡ್ ಫೈಲ್, ಎಕ್ಸೆಲ್ ಎಲ್ಲವನ್ನೂ ಲಾಕ್ ಮಾಡಿ, ಪ್ರತಿ ಫೋಲ್ಡರ್‌ನಲ್ಲೂ ಒಂದು ಚೀಟಿ ಬಿಟ್ಟು ಹೋಗುತ್ತಿತ್ತು. 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490 ಡಾಲರ್ ಎಂದು ಆ ಚೀಟಿಯಲ್ಲಿ ಬರೆದಿರುತ್ತಿತ್ತು. ಉಚಿತವಾಗಿ ಸಿಕ್ಕಿತು ಎಂದು ಹಾಕಿಕೊಂಡ ಸಾಫ್ಟ್‌ವೇರ್‌ಗೆ ಕೊನೆಗೆ ಕೇಳುವ ಬೆಲೆ ಇದು.

ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ಸಿಗೂ ಕಳ್ಳ ಪ್ರತಿಗೂ ನಂಟಿದೆ. 1986ರಲ್ಲಿ ಬಂದ ಅದರ ಹೆಸರು ಬ್ರೈನ್. ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಅದನ್ನು ಬರೆದರು. ತಾವು ಮಾಡಿದ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಿದ್ದರು, ಅದನ್ನು ಪತ್ತೆ ಹಚ್ಚಲು ಮಾಡಿದೆವು ಎಂದು ಅವರು ಹೇಳಿದರು. ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಅದು ಎಷ್ಟೋ ದೇಶ ಸುತ್ತಿತು.

ಈಗ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ. ನೀವು ಲ್ಯಾಪ್‌ಟಾಪ್ ಕೊಂಡಾಗಲೇ ಅದರಲ್ಲಿ ವಿಂಡೋಸ್ ಇತ್ತಾ? ಹಾಗಿದ್ದರೆ ಅದರ ಬೆಲೆಯನ್ನು ನೀವು ಆಗಲೇ ಕೊಟ್ಟಿದ್ದೀರಿ. ವಿಂಡೋಸ್ 8 ಬಂದಾಗಿನಿಂದ ಇಂಥ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲೇ ಅದರ ಲೈಸೆನ್ಸ್ ಕೀಯನ್ನು ಕೂರಿಸಿರುತ್ತಾರೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಅಳಿಸಿಹೋಗುವುದಿಲ್ಲ. ಮೈಕ್ರೋಸಾಫ್ಟ್ ಸೈಟ್‌ನಿಂದ ವಿಂಡೋಸ್ ಇಳಿಸಿಕೊಂಡು ಅದೇ ಎಡಿಷನ್ ಹಾಕಿದರೆ, ಇಂಟರ್‌ನೆಟ್‌ಗೆ ಸೇರಿದ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಅಂದರೆ ದುಡ್ಡು ಕೊಟ್ಟು ಒರಿಜಿನಲ್ ಇಟ್ಟುಕೊಂಡವರೇ ಅದನ್ನು ತೆಗೆಸಿ ಕ್ರ್ಯಾಕ್ ಹಾಕಿಸಿಕೊಂಡು ಬರುತ್ತಿದ್ದಾರೆ. ಅಂಗಡಿಗೂ ಹೋಗಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬ ಜಾಗಕ್ಕೆ ಹೋಗಿ, 'ರಿಸೆಟ್ ದಿಸ್ ಪಿಸಿ' ಒತ್ತಿ, 'ಕ್ಲೌಡ್ ಡೌನ್‌ಲೋಡ್' ಆರಿಸಿಕೊಂಡರೆ ಹೊಸ ವಿಂಡೋಸ್ ನೇರವಾಗಿ ಮೈಕ್ರೋಸಾಫ್ಟ್‌ನಿಂದ ಇಳಿಯುತ್ತದೆ. 4 ಜಿಬಿಗಿಂತ ಜಾಸ್ತಿ ಡೇಟಾ ಬೇಕಾಗಬಹುದು, ಅಷ್ಟೇ. ಅದಕ್ಕೂ ಮೊದಲು ಫೋಟೋ, ಫೈಲ್‌ಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಆಫೀಸ್ ಬೇಕಾದವರಿಗೆ ಲಿಬ್ರೆ ಆಫೀಸ್ ಉಚಿತ, ಅದು ಕನ್ನಡದಲ್ಲೂ ಇದೆ. ಮನೆಯ ಪತ್ರ, ಮಕ್ಕಳ ಪ್ರಾಜೆಕ್ಟ್, ಸಂಘದ ಲೆಕ್ಕಪತ್ರಕ್ಕೆ ಧಾರಾಳವಾಗಿ ಸಾಕು. ಕನ್ನಡ ಟೈಪ್ ಮಾಡಲು ನುಡಿ ಬೇಕು ಎಂದು ಸರ್ಚ್ ಮಾಡಿ, ಕಂಡ ಮೊದಲ ಡೌನ್‌ಲೋಡ್ ಸೈಟ್‌ನಿಂದ ಇಳಿಸಿಕೊಳ್ಳಬೇಡಿ. ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಸೈಟ್‌ನಿಂದಲೇ ತೆಗೆದುಕೊಳ್ಳಿ. ಬರೀ ಯೂನಿಕೋಡ್ ಸಾಕು ಅನ್ನುವವರಿಗೆ ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರೆ ಆಯಿತು.

ಪೆನ್‌ಡ್ರೈವ್‌ನಲ್ಲಿ ಮಾಯವಾದ ಫೋಲ್ಡರ್

ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಅರ್ಜಿ ಪ್ರಿಂಟ್ ತೆಗೆಸಿರುತ್ತೀರಿ. ಮನೆಗೆ ಬಂದು ಹಾಕಿ ನೋಡಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಇದು ನಮ್ಮ ಕಡೆ ಇನ್ನೂ ಸಾಯದ ಹಳೇ ಕಾಟ. ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಒಂದೇ ಕಂಪ್ಯೂಟರ್‌ಗೆ ಹಾಕುವ ಕಡೆ ಇದು ಹರಡದೆ ಇನ್ನೇನಾಗುತ್ತದೆ?

ಅದು ಮಾಡುವ ಕೆಲಸ ಇಷ್ಟು. ನಿಮ್ಮ ಅಸಲಿ ಫೋಲ್ಡರನ್ನು ಅಡಗಿಸುತ್ತದೆ. ಅದೇ ಹೆಸರಿನ, ಅದೇ ಹಳದಿ ಚಿತ್ರದ ಒಂದು ಶಾರ್ಟ್‌ಕಟ್ ಇಡುತ್ತದೆ. ನೀವು ಅದನ್ನು ಒತ್ತಿದಾಗ ಮೊದಲು ಮಾಲ್‌ವೇರ್ ಓಡುತ್ತದೆ, ಆಮೇಲೆ ಅಸಲಿ ಫೋಲ್ಡರೂ ತೆರೆಯುತ್ತದೆ. ಫೋಲ್ಡರ್ ತೆರೆಯಿತಲ್ಲ ಎಂದು ನಿಮಗೆ ಅನುಮಾನವೇ ಬರುವುದಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಸೇರಿಕೊಂಡು, ಮುಂದೆ ಹಾಕುವ ಪ್ರತಿ ಪೆನ್‌ಡ್ರೈವ್‌ಗೂ ಇದನ್ನೇ ಮಾಡುತ್ತದೆ. ಹಿಂದೆ ಇನ್ನೂ ಸುಲಭವಾಗಿತ್ತು. ಪೆನ್‌ಡ್ರೈವ್ ಹಾಕಿದ ಕೂಡಲೇ ಅದರಲ್ಲಿದ್ದ ಪ್ರೋಗ್ರಾಮ್ ತಾನಾಗಿ ಶುರುವಾಗುವ ಆಟೋರನ್ ಎಂಬ ಸೌಲಭ್ಯ ಇತ್ತು, 2008ರ ಕೊನೆಯಲ್ಲಿ ಬಂದ ಕಾನ್‌ಫಿಕರ್ ಎಂಬ ವರ್ಮ್ ಹರಡಿದ ದಾರಿಗಳಲ್ಲಿ ಅದೂ ಒಂದು. ಪೆನ್‌ಡ್ರೈವ್‌ಗೆ ಅದು ನಡೆಯದಂತೆ ವಿಂಡೋಸ್ 7ರಲ್ಲಿ ನಿಲ್ಲಿಸಿದರು, 2011ರಲ್ಲಿ ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೂ ಅಪ್‌ಡೇಟ್ ಮೂಲಕ ಕಳಿಸಿದರು. ಆಮೇಲೆ ಈ ಶಾರ್ಟ್‌ಕಟ್ ಉಪಾಯಕ್ಕೇ ಬೇಡಿಕೆ ಜಾಸ್ತಿ ಆಯಿತು. ತಾನಾಗಿ ಓಡಲು ಆಗದಿದ್ದರೇನು, ನಿಮ್ಮ ಕೈಯಿಂದ ಓಡಿಸಿಕೊಂಡರಾಯಿತು.

ಇಂಥ ಪೆನ್‌ಡ್ರೈವ್ ಸಿಕ್ಕರೆ ಫೈಲ್ ಹೋಯಿತು ಎಂದು ಗಾಬರಿ ಬೇಡ, ಬಹಳಷ್ಟು ಸಲ ಅವು ಅಲ್ಲೇ ಇರುತ್ತವೆ. ಯಾವ ಶಾರ್ಟ್‌ಕಟ್ಟನ್ನೂ ಒತ್ತದೆ ಮೊದಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲ್‌ಗಳನ್ನು ತೋರಿಸುವಂತೆ ಹೇಳಿ, ಸಿಸ್ಟಮ್ ಫೈಲ್‌ಗಳನ್ನು ಅಡಗಿಸುವ ಟಿಕ್ಕನ್ನೂ ತೆಗೆಯಿರಿ. ಅಸಲಿ ಫೋಲ್ಡರ್‌ಗಳು ಮಸುಕಾಗಿ ಕಾಣಿಸುತ್ತವೆ. ಫೋಟೋ, ಪಿಡಿಎಫ್‌ಗಳನ್ನು ಮಾತ್ರ ನಕಲು ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಇನ್ನೂ ಒಳ್ಳೆಯದೆಂದರೆ, ಪ್ರಿಂಟ್‌ಗೆ ಹೋಗುವಾಗ ಬೇರೆಯದೇ ಒಂದು ಖಾಲಿ ಪೆನ್‌ಡ್ರೈವ್ ಇಟ್ಟುಕೊಳ್ಳುವುದು. ಅದರಲ್ಲಿ ಆವತ್ತಿನ ಪ್ರಿಂಟ್ ಬಿಟ್ಟು ಬೇರೇನೂ ಇರಬಾರದು.

ಮೋಸದ ಬಟನ್‌ಗಳು

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ಒಂದು ಇಮೇಲ್ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕೆಡಿಸಿತು. ವಿಷಯದ ಜಾಗದಲ್ಲಿ 'ಐ ಲವ್ ಯೂ' ಎಂದಿತ್ತು, ಜೊತೆಗೆ ಪ್ರೇಮಪತ್ರ ಎಂಬ ಹೆಸರಿನ ಒಂದು ಫೈಲ್. ಹೆಸರಿನ ಕೊನೆಯಲ್ಲಿ ಡಾಟ್ ಟಿಎಕ್ಸ್‌ಟಿ ಎಂದು ಕಾಣುತ್ತಿತ್ತು, ಅಂದರೆ ಬರೀ ಅಕ್ಷರದ ಫೈಲ್. ಅದಾದ ಮೇಲೆ ಡಾಟ್ ವಿಬಿಎಸ್ ಎಂದೂ ಇತ್ತು, ಅಂದರೆ ಓಡುವ ಪ್ರೋಗ್ರಾಮ್. ಆದರೆ ವಿಂಡೋಸ್ ಆ ಕೊನೆಯ ತುಣುಕನ್ನು ತೋರಿಸುತ್ತಿರಲಿಲ್ಲ.

ಇಷ್ಟು ವರ್ಷ ಕಳೆದರೂ ವಿಂಡೋಸ್ 11 ಕೂಡ ಆ ತುಣುಕನ್ನು ಅಡಗಿಸಿಯೇ ಬರುತ್ತದೆ. ಇದು ನನಗೆ ನಿಜಕ್ಕೂ ಸರಿ ಕಾಣುವುದಿಲ್ಲ. ನೀವೇ ಸರಿ ಮಾಡಿಕೊಳ್ಳಬೇಕು. ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಒಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ಒಂದು ಟಿಕ್, ಅಷ್ಟೇ ಕೆಲಸ. ಆಮೇಲೆ 'ಕರೆಂಟ್ ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಎಂಬ ಫೈಲ್ ಬಂದರೆ ಅದರ ಬಾಲ ನಿಮಗೆ ಕಾಣುತ್ತದೆ. ಬಿಲ್ಲು, ರಸೀದಿ, ರೆಸ್ಯೂಮೆ, ಫೋಟೋ ಎಂದು ಹೇಳಿಕೊಂಡು ಬಂದ ಫೈಲಿನ ಕೊನೆಯಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಬಿಎಟಿ, ಎಂಎಸ್‌ಐ ಇದ್ದರೆ ಅದು ಸುಳ್ಳು. ತೆರೆಯಬೇಡಿ. ಪಾಸ್‌ವರ್ಡ್ ಹಾಕಿದ ಝಿಪ್ ಫೈಲ್ ಬಂದು, ಪಾಸ್‌ವರ್ಡೂ ಅದೇ ಮೇಲ್‌ನಲ್ಲಿ ಇದ್ದರೆ ಅನುಮಾನ ಪಡಿ. ಝಿಪ್‌ಗೆ ಬೀಗ ಹಾಕುವುದು ಎಷ್ಟೋ ಸಲ ಆಂಟಿವೈರಸ್ ಒಳಗೆ ಇಣುಕದಿರಲಿ ಎಂದೇ.

ಹೊಸ ಮೋಸ ಒಂದಿದೆ, 2024ರಿಂದ ತುಂಬಾ ಹೆಚ್ಚಾಗಿದೆ. ಯಾವುದೋ ಸೈಟ್‌ಗೆ ಹೋಗಿರುತ್ತೀರಿ. 'ನೀವು ರೋಬೋ ಅಲ್ಲ ಎಂದು ಖಚಿತಪಡಿಸಿ' ಎಂಬ ಚೌಕ ಬರುತ್ತದೆ. ಇದು ನಾವು ದಿನಾ ನೋಡುವ ಚೌಕವೇ, ಟಿಕ್ ಮಾಡುತ್ತೀರಿ. ಆಗ ಇನ್ನೂ ಮೂರು ಹೆಜ್ಜೆ ಹೇಳುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೋಡಲು ಏನೂ ಅಲ್ಲದ ಸೂಚನೆ. ಆದರೆ ನೀವು ಟಿಕ್ ಮಾಡಿದಾಗಲೇ ಆ ಪುಟ ಒಂದು ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ಸದ್ದಿಲ್ಲದೆ ತುಂಬಿರುತ್ತದೆ. ಮೊದಲ ಹೆಜ್ಜೆಯಲ್ಲಿ ರನ್ ಬಾಕ್ಸ್ ತೆರೆಯುತ್ತೀರಿ, ಎರಡನೆಯದರಲ್ಲಿ ಆ ಕಮಾಂಡ್ ಅಂಟಿಸುತ್ತೀರಿ, ಮೂರನೆಯದರಲ್ಲಿ ಓಡಿಸುತ್ತೀರಿ. ಅದು ಹೊರಗಿನಿಂದ ಸ್ಟೀಲರ್ ಎಳೆದು ತರುತ್ತದೆ. ಓಡಿಸಿದ್ದು ಕಂಪ್ಯೂಟರ್‌ನ ಮಾಲೀಕರಾದ ನೀವೇ ಆದ್ದರಿಂದ ಎಷ್ಟೋ ಸಲ ತಡೆಯೂ ಬೀಳುವುದಿಲ್ಲ. ಇದಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ನೆನಪಿಡಬೇಕಾದ್ದು ಇಷ್ಟೇ: ಯಾವ ಅಸಲಿ ಸೈಟೂ ನೀವು ಮನುಷ್ಯರೇ ಎಂದು ತಿಳಿಯಲು ರನ್ ಬಾಕ್ಸ್‌ನಲ್ಲಿ ಏನನ್ನೂ ಅಂಟಿಸಿ ಎಂದು ಕೇಳುವುದಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಇದೊಂದನ್ನು ಇವತ್ತೇ ಹೇಳಿ.

ಇನ್ನೊಂದು ಬೆದರಿಸುವ ಬಗೆ. ಪರದೆ ತುಂಬ ಕೆಂಪು ಎಚ್ಚರಿಕೆ, ಜೋರು ಸದ್ದು, 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಫೋನ್ ಮಾಡಿ.' ಅದು ಬರೀ ಒಂದು ವೆಬ್ ಪುಟ, ಫುಲ್ ಸ್ಕ್ರೀನ್‌ನಲ್ಲಿ ತೆರೆದಿರುತ್ತದೆ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಗದಿದ್ದರೆ ಆಲ್ಟ್ ಮತ್ತು ಎಫ್4, ಅದೂ ಆಗದಿದ್ದರೆ ಕಂಪ್ಯೂಟರ್ ಆಫ್ ಮಾಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ನಂಬರ್‌ಗೆ ಫೋನ್ ಮಾಡಿದರೆ ನಯವಾಗಿ ಮಾತಾಡುತ್ತಾರೆ, ಎನಿಡೆಸ್ಕ್‌ನಂಥ ಪ್ರೋಗ್ರಾಮ್ ಹಾಕಿಸಿ ನಿಮ್ಮ ಕಂಪ್ಯೂಟರನ್ನು ಅವರ ಕೈಗೆ ತೆಗೆದುಕೊಳ್ಳುತ್ತಾರೆ. ಇಂಥ ಜಾಲಗಳು ನಮ್ಮ ದೇಶದಿಂದಲೇ ನಡೆಯುತ್ತಿದ್ದವು ಎಂದು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನ ಮೇಲೆ ಸಿಬಿಐ 2023ರ ಅಕ್ಟೋಬರ್‌ನಲ್ಲಿ ಹಲವು ಊರುಗಳಲ್ಲಿ ಶೋಧ ನಡೆಸಿತು. ಇವರು ಹೊರದೇಶಗಳ ವಯಸ್ಸಾದವರನ್ನೇ ಜಾಸ್ತಿ ಹುಡುಕುತ್ತಾರೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಕನ್ನಡಿಗರು ತಮ್ಮ ಮನೆಗೆ ಬಂದಿರುವ ಅಪ್ಪ ಅಮ್ಮನಿಗೆ ಇದನ್ನು ತಿಳಿಸಿಕೊಡುವುದು ಒಳ್ಳೆಯದು.

ಸರ್ಚ್ ಮಾಡಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್‌ಗಳ ಮೇಲೂ ಒಂದು ಕಣ್ಣಿರಲಿ. ವಿಎಲ್‌ಸಿ, ಕ್ರೋಮ್‌ನಂಥ ಹೆಸರಾಂತ ಪ್ರೋಗ್ರಾಮ್‌ಗಳ ನಕಲಿ ಸೈಟ್ ಮಾಡಿ, ದುಡ್ಡು ಕೊಟ್ಟು ಜಾಹೀರಾತು ಹಾಕಿಸುತ್ತಾರೆ. ಜಾಹೀರಾತು ದಾಟಿ ಕೆಳಗಿನ ಅಸಲಿ ಸೈಟ್‌ಗೆ ಹೋಗಿ, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೊಳ್ಳಿ. ಇಳಿಸಿದ ಫೈಲ್ ಮೇಲೆ ಅನುಮಾನ ಬಂದರೆ ವೈರಸ್‌ಟೋಟಲ್ ಎಂಬ ಸೈಟ್ ಇದೆ, ಹತ್ತಾರು ಆಂಟಿವೈರಸ್‌ಗಳಿಂದ ಒಮ್ಮೆಗೇ ಪರೀಕ್ಷೆ ಮಾಡಿಸಿ ತೋರಿಸುತ್ತದೆ. ಅಲ್ಲಿಗೆ ಹಾಕಿದ ಫೈಲನ್ನು ಬೇರೆಯವರೂ ನೋಡಬಹುದು, ಹಾಗಾಗಿ ಆಧಾರ್, ಬ್ಯಾಂಕ್ ಕಾಗದಗಳನ್ನು ಮಾತ್ರ ಹಾಕಬೇಡಿ.

ಅಪ್‌ಡೇಟ್, ಡಿಫೆಂಡರ್, ಎರಡನೇ ಖಾತೆ

ತಾನಾಗಿ ನುಗ್ಗುವ ಮಾಲ್‌ವೇರ್ ಇಲ್ಲವೇ ಇಲ್ಲ ಎಂದಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಬಂದಾಗ ಯಾರೂ ಯಾವ ಬಟನ್ನೂ ಒತ್ತಬೇಕಿರಲಿಲ್ಲ. ವಿಂಡೋಸ್‌ನ ಫೈಲ್ ಹಂಚಿಕೆಯಲ್ಲಿದ್ದ ಒಂದು ತೂತಿನಿಂದ ಒಳಗೆ ಬಂದು, ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಸಮಯ ಇತ್ತು! ಅಪ್‌ಡೇಟ್ ಹಾಕಿಕೊಂಡ ವಿಂಡೋಸ್ 7 ಕಂಪ್ಯೂಟರ್‌ಗಳಿಗೆ ಅದು ನುಗ್ಗಲಾಗಲಿಲ್ಲ, ಹಾಕಿಕೊಳ್ಳದವು ಸಿಕ್ಕಿಬಿದ್ದವು. ಅಪ್‌ಡೇಟ್ ಬಂದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಡೇಟಾ ಖರ್ಚಾಗುತ್ತದೆ ಎಂದು ಅದನ್ನು ನಿಲ್ಲಿಸಿಡುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ತಿಂಗಳ ಎರಡನೇ ಮಂಗಳವಾರ ಅಮೆರಿಕದಲ್ಲಿ ಅಪ್‌ಡೇಟ್ ಬಿಡುತ್ತಾರೆ, ನಮಗೆ ಅದು ರಾತ್ರಿ ಅಥವಾ ಬುಧವಾರ ಸಿಗುತ್ತದೆ. ಆ ವಾರ ಒಂದು ಸಂಜೆ ಕಂಪ್ಯೂಟರನ್ನು ಅದಕ್ಕೆಂದೇ ಬಿಟ್ಟುಬಿಡಿ.

ವಿಂಡೋಸ್ 10 ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ಸೇರಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತು, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಲಿಂಕ್ ಬರುತ್ತದೆ. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸತು ಬೇಕು. ಇಲ್ಲದಿದ್ದರೆ ಹಳೇ ಕಂಪ್ಯೂಟರ್ ಎಸೆಯಬೇಕಿಲ್ಲ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. ಬ್ರೌಸರ್, ಮೇಲ್, ಯೂಟ್ಯೂಬ್, ಕನ್ನಡ ಟೈಪಿಂಗ್ ಎಲ್ಲ ನಡೆಯುತ್ತದೆ, ಅಪ್‌ಡೇಟೂ ಉಚಿತವಾಗಿ ಬರುತ್ತಿರುತ್ತದೆ.

ಆಂಟಿವೈರಸ್ ಕೊಳ್ಳಬೇಕಾ? ನನ್ನ ಪ್ರಕಾರ ಹೆಚ್ಚಿನ ಮನೆಗಳಿಗೆ ಬೇಡ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಒಳ್ಳೆಯದೇ ಇದೆ, ಅದನ್ನು ಆನ್ ಇಟ್ಟು, ಅದು ಹೇಳಿದ್ದನ್ನು ಕೇಳಿದರೆ ಸಾಕು. ಕ್ವಿಕ್ ಹೀಲ್ ಅಥವಾ ಬೇರೆ ಯಾವುದನ್ನಾದರೂ ಕೊಂಡಿದ್ದರೆ ಅದನ್ನೇ ಬಳಸಿ, ಆದರೆ ಎರಡೆರಡು ಹಾಕಬೇಡಿ. ಒಂದಕ್ಕೊಂದು ಅಡ್ಡ ಬಂದು ಕಂಪ್ಯೂಟರ್ ತೆವಳುತ್ತದೆ. ಅವಧಿ ಮುಗಿದ ಆಂಟಿವೈರಸ್ ಇದ್ದರೆ ತೆಗೆದುಹಾಕಿ, ಡಿಫೆಂಡರ್ ತಾನಾಗಿ ಆನ್ ಆಗುತ್ತದೆ. ಈಗಲೇ ವಿಂಡೋಸ್ ಸೆಕ್ಯುರಿಟಿ ತೆರೆದು ನೋಡಿ. ಎಲ್ಲ ಕಡೆ ಹಸಿರು ಟಿಕ್ ಇರಬೇಕು. ಮನೆಯ ಕಂಪ್ಯೂಟರ್‌ನಲ್ಲಿ 'ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬ ಅರ್ಥದ ಸಾಲು ಕಂಡರೆ, ಅಥವಾ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ (ಡಿಫೆಂಡರ್ ನೋಡದೆ ಬಿಡಬೇಕಾದ ಜಾಗಗಳು) ನೀವು ಸೇರಿಸದ ಫೋಲ್ಡರ್ ಇದ್ದರೆ, ಯಾರೋ ಅದರ ಕಣ್ಣಿಗೆ ಬಟ್ಟೆ ಕಟ್ಟಿರಬಹುದು. ಕ್ರ್ಯಾಕ್ ಹಾಕಿದವರೂ ಮಾಡಿರಬಹುದು, ಮಾಲ್‌ವೇರೂ ಮಾಡಿರಬಹುದು.

ಯಾರೂ ಮಾಡದ, ಆದರೆ ತುಂಬಾ ಉಪಯೋಗದ ಇನ್ನೊಂದು ಕೆಲಸ ಇದೆ. ವಿಂಡೋಸ್‌ನಲ್ಲಿ ದಿನಬಳಕೆಗೆ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಳ್ಳಿ, ಎಲ್ಲ ಬದಲಾವಣೆ ಮಾಡುವ ಅಧಿಕಾರ ಇರುವ ಅಡ್ಮಿನ್ ಖಾತೆಗೆ ಬೇರೆ ಪಾಸ್‌ವರ್ಡ್ ಇಟ್ಟು ಪಕ್ಕಕ್ಕಿಡಿ. ಮಕ್ಕಳು ಯಾವುದೋ ಗೇಮ್ ಹಾಕಲು ಹೋದರೆ ಆ ಪಾಸ್‌ವರ್ಡ್ ಕೇಳುತ್ತದೆ. ಆಗ ಅವರು ನಿಮ್ಮ ಹತ್ತಿರ ಬರಲೇಬೇಕು, ಏನು ಹಾಕುತ್ತಿದ್ದಾರೆ ಎಂದು ನೀವು ಒಮ್ಮೆ ನೋಡುತ್ತೀರಿ. ಕದಿಯುವ ಮಾಲ್‌ವೇರ್‌ಗೆ ಎಷ್ಟೋ ಸಲ ಅಡ್ಮಿನ್ ಅನುಮತಿಯೇ ಬೇಡ, ಹಾಗಾಗಿ ಇದು ಎಲ್ಲವನ್ನೂ ತಡೆಯುವುದಿಲ್ಲ. ಆದರೂ ಡಿಫೆಂಡರನ್ನು ಆಫ್ ಮಾಡುವುದು, ಸಿಸ್ಟಮ್ ಒಳಗೆ ಬೇರೂರುವುದು ಕಷ್ಟ ಆಗುತ್ತದೆ.

ಬಂದುಬಿಟ್ಟರೆ

ಅನುಮಾನದ ಫೈಲ್ ಒಂದನ್ನು ತೆರೆದುಬಿಟ್ಟಿರಿ ಎಂದುಕೊಳ್ಳಿ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತುಬಿಡಿ. ಆ ಕಂಪ್ಯೂಟರ್‌ನಿಂದ ಬ್ಯಾಂಕ್, ಮೇಲ್ ಯಾವುದಕ್ಕೂ ಲಾಗಿನ್ ಆಗಬೇಡಿ. ಫೋನ್ ಅಥವಾ ಬೇರೆ ಕಂಪ್ಯೂಟರ್‌ನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಯಾಕೆಂದರೆ ಉಳಿದೆಲ್ಲ ಖಾತೆಗಳ ಕೀಲಿ ಅಲ್ಲಿದೆ. ಆಮೇಲೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಡಿವೈಸ್‌ಗಳ ಪಟ್ಟಿಗೆ ಹೋಗಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ. ಇದನ್ನು ಬಿಡಬೇಡಿ, ಕದ್ದ ಕುಕಿ ಕೆಲಸಕ್ಕೆ ಬಾರದಂತೆ ಮಾಡುವುದು ಇದೇ. ಫೇಸ್‌ಬುಕ್, ವಾಟ್ಸಾಪ್ ವೆಬ್‌ಗೂ ಇದನ್ನೇ ಮಾಡಿ.

ಕಂಪ್ಯೂಟರ್‌ನಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿ. ಅದು ವಿಂಡೋಸ್ ಶುರುವಾಗುವ ಮೊದಲೇ ಹುಡುಕುವುದರಿಂದ ಅಡಗಿ ಕೂತದ್ದೂ ಸಿಗುವ ಸಾಧ್ಯತೆ ಜಾಸ್ತಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ಸೈಟ್‌ನಲ್ಲೂ ಮಾಲ್‌ವೇರ್ ತೆಗೆಯುವ ಉಚಿತ ಟೂಲ್‌ಗಳು ಸಿಗುತ್ತವೆ. ಸ್ಟೀಲರ್ ಬಂದಿತ್ತು ಎಂದು ಖಾತರಿ ಇದ್ದರೆ ನಾನಂತೂ ಸ್ಕ್ಯಾನ್‌ಗೆ ನಿಲ್ಲುವುದಿಲ್ಲ, ಮೇಲೆ ಹೇಳಿದ ಕ್ಲೌಡ್ ಡೌನ್‌ಲೋಡ್ ದಾರಿಯಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿ ಎಂದೇ ಹೇಳುತ್ತೇನೆ. ದುಡ್ಡು ಹೋಗಿದ್ದರೆ ಕಾಯಬೇಡಿ. ಬ್ಯಾಂಕ್‌ಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಆ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ರಾನ್ಸಮ್‌ವೇರ್‌ಗೆ ಮಾತ್ರ ನಂಬಬಹುದಾದ ಮದ್ದು ಒಂದೇ, ಬ್ಯಾಕಪ್. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ತಿಂಗಳಿಗೊಮ್ಮೆ ಫೋಟೋ, ಕಾಗದಪತ್ರಗಳನ್ನು ಅದಕ್ಕೆ ಹಾಕಿ, ಮುಗಿದ ಕೂಡಲೇ ತೆಗೆದು ಬೀರುವಿನಲ್ಲಿಡಿ. ಸದಾ ಕಂಪ್ಯೂಟರ್‌ಗೆ ಚುಚ್ಚಿಕೊಂಡೇ ಇದ್ದರೆ ಬ್ಯಾಕಪ್ಪಿಗೂ ಬೀಗ ಬೀಳುತ್ತದೆ. ತೀರಾ ಮುಖ್ಯವಾದವುಗಳ ಇನ್ನೊಂದು ಪ್ರತಿ ಗೂಗಲ್ ಡ್ರೈವ್‌ನಂಥ ಕಡೆ ಇರಲಿ. ವಿಂಡೋಸ್ ಸೆಕ್ಯುರಿಟಿಯಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬ ಸೌಲಭ್ಯವೂ ಇದೆ, ಅದು ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮ್ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಬದಲಿಸಲು ಬಿಡುವುದಿಲ್ಲ. ಒಮ್ಮೊಮ್ಮೆ ಒಳ್ಳೆಯ ಪ್ರೋಗ್ರಾಮ್‌ಗೂ ಅಡ್ಡ ಬರುತ್ತದೆ, ಆಗ ಅದಕ್ಕೆ ನೀವೇ ಅನುಮತಿ ಕೊಡಬೇಕು.

ಬ್ಯಾಕಪ್ ಇಲ್ಲದೆ ಸಿಕ್ಕಿಬಿದ್ದರೂ ದುಡ್ಡು ಕೊಡಬೇಡಿ. ಕೊಟ್ಟರೂ ಫೈಲ್ ತೆರೆದುಕೊಡುತ್ತಾರೆ ಎಂಬ ಗ್ಯಾರಂಟಿ ಇಲ್ಲ. 'ಹೇಗಾದರೂ ತೆಗೆದುಕೊಡುತ್ತೇವೆ' ಎಂದು ನೆಟ್‌ನಲ್ಲಿ ಹೇಳಿಕೊಳ್ಳುವವರಿಗೂ ಕೊಡಬೇಡಿ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ 'ನೋ ಮೋರ್ ರಾನ್ಸಮ್' ಎಂಬ ಸೈಟ್ ಶುರು ಮಾಡಿದರು. ಬೀಗ ಬಿದ್ದ ಒಂದೆರಡು ಫೈಲ್ ಮತ್ತು ಆ ಬೆದರಿಕೆಯ ಚೀಟಿಯನ್ನು ಅಲ್ಲಿ ಹಾಕಿದರೆ ಅದು ಯಾವ ರಾನ್ಸಮ್‌ವೇರ್, ಬಿಡಿಸುವ ಟೂಲ್ ಇದೆಯಾ ಎಂದು ಹೇಳುತ್ತದೆ, ಟೂಲ್ ಇದ್ದರೆ ಅದೂ ಉಚಿತ. ಇವತ್ತು ಇಲ್ಲ ಎಂದು ತೋರಿಸಿದರೂ ಬೀಗ ಬಿದ್ದ ಫೈಲ್‌ಗಳನ್ನು ಅಳಿಸಬೇಡಿ. ಡಿಜೆವಿಯು ಬಂದವರಿಗೂ ಮೊದಲು ಹೀಗೇ ಹೇಳಲಾಗಿತ್ತು, 2019ರ ಅಕ್ಟೋಬರ್‌ನಲ್ಲಿ ಅದರ 148 ಬಗೆಗಳಿಗೆ ಬಿಡಿಸುವ ಟೂಲ್ ಬಂತು. ಹಾರ್ಡ್ ಡಿಸ್ಕ್ ಒಂದಕ್ಕೆ ಆ ಫೈಲ್‌ಗಳನ್ನು ಚೀಟಿಯ ಸಮೇತ ಹಾಕಿಟ್ಟು, ಕಂಪ್ಯೂಟರ್ ಹೊಸದಾಗಿ ಮಾಡಿಕೊಳ್ಳಿ, ಆಗಾಗ ಆ ಸೈಟ್‌ಗೆ ಹೋಗಿ ನೋಡುತ್ತಿರಿ.